ಮರೆತೆ ಎನ್ನುವ ಮೊದಲು

ಜನವರಿ 12

ಸೂಜಿ,

ಬಸ್ಸು ಸಿಕ್ಕಿತು, ಮನೆ ಸೇರಿದೆ, ಕೈಕಾಲು ನೆಟ್ಟಗಿವೆ. ಇಷ್ಟು ಓದಿ ಉಸಿರು ಬಿಡು. ಆಮೇಲೆ ಉಳಿದದ್ದನ್ನು ಓದು, ಯಾಕೆಂದರೆ ನನಗೆ ಭಯವಾಗಿದೆ.

ನೀನು ಕಳಿಸಿದ ಪಾಸನ್ನು ಬಾಗಿಲಲ್ಲಿ ತೋರಿಸಿದೆ. ಅಲ್ಲೊಬ್ಬಳು ದಪ್ಪ ಪುಸ್ತಕ ಇಟ್ಟುಕೊಂಡು ಕೂತಿದ್ದಳು. ಹೆಸರು, ಕೆಲಸ, ಕುರ್ಚಿಯ ಸಂಖ್ಯೆ ಬರೆಯಬೇಕಂತೆ. ಈ ಒಂಬತ್ತು ವರ್ಷದಿಂದ ಎಲ್ಲ ಕಡೆ ಬರೆಯುವ ಸುಳ್ಳು ಹೆಸರನ್ನೇ ಬರೆದೆ. ನನ್ನದು ಮೂವತ್ತೊಂದನೇ ಕುರ್ಚಿ. ಇಷ್ಟು ದೊಡ್ಡ ಹಾಡುಗಾರ್ತಿಯ ಕಾರ್ಯಕ್ರಮ ಅಂದರೆ ಸಾವಿರಾರು ಜನ ಇರುತ್ತಾರೆ, ಗುಂಪಿನಲ್ಲಿ ಗೋವಿಂದ ಅಂತ ಮೂಲೆಯಲ್ಲಿ ಕೂತು ಬಂದರಾಯಿತು ಅಂದುಕೊಂಡಿದ್ದೆ. ಒಳಗೆ ಹೋದರೆ ನಮ್ಮ ಆಸ್ಪತ್ರೆ ಲಾಂಡ್ರಿಯ ಇಸ್ತ್ರಿ ಕೋಣೆಯಷ್ಟು ಜಾಗ. ಅರವತ್ತೇ ಕುರ್ಚಿ, ಏಳು ಕ್ಯಾಮೆರಾ. ನೀನು ಇದನ್ನು ಮೊದಲೇ ಹೇಳಿದ್ದರೆ ನಾನು ಖಂಡಿತ ಬರುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ ಅಲ್ಲವಾ ನೀನು?

ನಿಮ್ಮ ಮಿಂಚು ಬರಿಗಾಲಲ್ಲಿ ಬಂದು ಸ್ಟೂಲಿನ ಮೇಲೆ ಕೂತಳು. ದೇಶವೆಲ್ಲ ಮಿಂಚು ಮಿಂಚು ಅಂತ ಹುಚ್ಚೆದ್ದು ಕುಣಿಯುವ ಹುಡುಗಿ, ಸ್ವೆಟರಿನ ಮೊಣಕೈ ಹತ್ತಿರ ನೂಲು ಎದ್ದಿತ್ತು. ಒಂದು ಹೊಲಿಗೆ ಹಾಕಿಕೊಡುವವರು ಆಕೆಗೆ ಗತಿಯಿಲ್ಲವೇ ಅನ್ನಿಸಿತು. ಮೈಕು ಒಂದೇ. ದೀಪ, ಹೊಗೆ, ಕುಣಿತ ಏನೂ ಇಲ್ಲ. ಪಕ್ಕದ ಮನೆಯವಳು ಬಂದು ಕೂತು ಹಾಡಿದಷ್ಟು ಹತ್ತಿರ.

ಆಕೆ ತನ್ನ ಹಳೆಯ ಹಾಡಿಗೆ ಬಂದಾಗ ಒಂದು ಕ್ಯಾಮೆರಾ ನನ್ನ ಕಡೆ ತಿರುಗಿತು. ಅದರ ತಲೆಯ ಮೇಲಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಹಾಡು ನಿನಗೂ ನೆನಪಿರಬೇಕು: "ಎಲ್ಲ ಬಾಗಿಲು ಹಾಕಿ ಬಂದೆ, ಒಂದು ಕಿಟಕಿ ಮರೆತೆ." ನಿಮ್ಮಪ್ಪನ ಅಂಗಡಿಗೆ ರಿಪೇರಿಗೆ ಬಂದ ರೇಡಿಯೋಗಳೆಲ್ಲ ಆ ವರ್ಷ ಅದನ್ನೇ ಒದರುತ್ತಿದ್ದವು. ನನಗೆ ಕಣ್ಣಲ್ಲಿ ನೀರು ಬಂತು. ಅಷ್ಟೇ, ಬೇರೇನೂ ಆಗಲಿಲ್ಲ.

ಈ ಕಾರ್ಯಕ್ರಮವನ್ನು ಸಿನಿಮಾ ಮಾಡುತ್ತೀರಲ್ಲ, ಆ ಚಿತ್ರದಲ್ಲಿ ನನ್ನ ಮುಖ ಇರಬಾರದು, ಸೂಜಿ. ನೀನು ಕೆಲಸ ಮಾಡುವುದು ಅದನ್ನು ಕತ್ತರಿಸುವ ಕೋಣೆಯಲ್ಲೇ ಅಲ್ಲವಾ? ಕತ್ತರಿಸು. ಫೋನ್ ಮಾಡಬೇಡ. ಮೊದಲ ಸಲ ಮನೆಬಿಟ್ಟು ತಪ್ಪಿಸಿಕೊಂಡಾಗ ನನ್ನ ಗೆಳತಿಯ ಮನೆಯಲ್ಲಿ ಫೋನು ಎತ್ತಿ ನಾನು ಒಂದು ಮಾತೂ ಆಡಿರಲಿಲ್ಲ, ಬರೀ ಕೆಮ್ಮಿದ್ದೆ. "ಅದೇ ಕೆಮ್ಮು," ಅಂದ ನಿಮ್ಮಪ್ಪ. ಮಾರನೆಯ ದಿನ ಬಾಗಿಲಲ್ಲಿದ್ದ. ಆಗ ನಿನಗೆ ಹದಿಮೂರು. ಮರೆತಿರಲಾರೆ.

ಎಂದಿನಂತೆ ಬೇಕರಿ ಅಕ್ಕನ ವಿಳಾಸಕ್ಕೇ ಬರೆ.

ನಿನ್ನ ಅಮ್ಮ


ಜನವರಿ 21

ಅಮ್ಮಾ,

ತಪ್ಪಾಯಿತು. ಅರವತ್ತು ಕುರ್ಚಿ ಅಂತ ಬೇಕೆಂದೇ ಹೇಳಲಿಲ್ಲ. ಒಂಬತ್ತು ವರ್ಷದಲ್ಲಿ ನೀನು ಲಾಂಡ್ರಿ, ಬೇಕರಿ, ಬಾಡಿಗೆ ಕೋಣೆ ಬಿಟ್ಟು ಬೇರೆಲ್ಲೂ ಹೋಗಿಲ್ಲ. ಒಂದು ಸಂಜೆ ಹಾಡು ಕೇಳಲಿ ಅನ್ನಿಸಿತು. ಆ ಪಾಸಿಗಾಗಿ ನಾನು ಮೂರು ವಾರ ಎಲ್ಲರಿಗೂ ಟೀ ತಂದುಕೊಟ್ಟಿದ್ದೇನೆ, ಅದನ್ನಾದರೂ ಲೆಕ್ಕಕ್ಕೆ ಹಿಡಿ.

ನಿನ್ನ ಶಾಟ್ ಸಿಕ್ಕಿತು. ಹನ್ನೊಂದು ಸೆಕೆಂಡು. ಹೇಳಿದರೆ ಹೆದರುತ್ತೀಯ, ಆದರೂ ಹೇಳುತ್ತೇನೆ: ಇಡೀ ಚಿತ್ರದಲ್ಲಿ ಅದಕ್ಕಿಂತ ಚೆನ್ನಾದ ಮುಖ ಇಲ್ಲ. ನಮ್ಮ ಮುಖ್ಯ ಎಡಿಟರ್, ಎಲ್ಲರೂ ಮೇಷ್ಟ್ರು ಅನ್ನುವವರು, ಅದನ್ನು ನೋಡಿ ಕುರ್ಚಿಯಿಂದ ಎದ್ದೇಬಿಟ್ಟರು. "ಈಯಮ್ಮನೇ ನಮ್ಮ ಸಿನಿಮಾ," ಅಂದರು.

ಮೇಷ್ಟ್ರದ್ದೊಂದು ನಿಯಮವಿದೆ. ಹಾಡಿನ ಚಿತ್ರವನ್ನು ಕಿವಿ ಮುಚ್ಚಿಕೊಂಡು ಕತ್ತರಿಸಬೇಕು. ಸ್ಪೀಕರಿನ ವೈರನ್ನು ಕಿತ್ತು ತಮ್ಮ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದಾರೆ. "ಹಾಡು ಚೆನ್ನಾಗಿದ್ರೆ ಕೆಟ್ಟ ಚಿತ್ರಾನೂ ಚೆನ್ನಾಗೇ ಕಾಣುತ್ತೆ. ಕಿವಿ ಲಂಚ ತಗೊಳ್ಳುತ್ತೆ, ಕಣ್ಣು ತಗೊಳ್ಳಲ್ಲ," ಅನ್ನುತ್ತಾರೆ. ಶಬ್ದದ ಕೆಲಸವೆಲ್ಲ ಮೇಲಿನ ಮಹಡಿಯಲ್ಲಿ, ಬೇರೆಯವರದು. ಎರಡೂ ಒಂದಾಗುವುದು ಕೊನೆಯಲ್ಲಿ. ಹೀಗಾಗಿ ನಾವು ನಾಲ್ಕು ಜನ ದಿನವಿಡೀ ಮಿಂಚು ಬಾಯಿ ತೆರೆದು ಮುಚ್ಚುವುದನ್ನು ನೋಡುತ್ತಾ ಕೂತಿರುತ್ತೇವೆ.

ಒಂದು ವಿಷಯ. ಆ ಶಾಟಿನಲ್ಲಿ ನಿನ್ನ ಬಾಯಿ ಅಲ್ಲಾಡುತ್ತಿದೆ. ಪಕ್ಕದವರ ಹತ್ತಿರ ಏನಾದರೂ ಮಾತಾಡಿದೆಯಾ?

ಹೇಗಾದರೂ ತೆಗೆಯುತ್ತೇನೆ. ನಂಬು.

ನಿನ್ನ ಸೂಜಿ


ಫೆಬ್ರವರಿ 4

ಸೂಜಿ,

ಹೇಗಾದರೂ ಅಂದರೆ ಹೇಗೆ, ಯಾವಾಗ? ಮುದುಕರೊಬ್ಬರು ಕುರ್ಚಿಯಿಂದ ಎದ್ದರು ಅಂತ ಬರೆಯುತ್ತೀಯ, ತೆಗೆದೆ ಅಂತ ಬರೆಯುವುದಿಲ್ಲ.

ಒಮ್ಮೆ ಹೆದರಿದವರಿಗೆ ಹಗ್ಗವೂ ಹಾವು. ಮೊನ್ನೆ ಔಷಧಿ ಅಂಗಡಿಯ ಮುಂದೆ ಒಬ್ಬ ಗಂಡಸು ಬೆನ್ನು ಹಾಕಿ ನಿಂತಿದ್ದ. ಅದೇ ಭುಜ. ನಾನು ತಿರುಗಿ ಎರಡು ಬೀದಿ ಸುತ್ತು ಹಾಕಿ ಕೆಲಸಕ್ಕೆ ಹೋದೆ. ಮೇಲ್ವಿಚಾರಕಿ ಗಡಿಯಾರ ತೋರಿಸಿದರು, ಹೊಟ್ಟೆನೋವು ಅಂದೆ. ಈಗ ನಿಜವಾಗಿಯೂ ಹೊಟ್ಟೆನೋವು ಬಂದಿದೆ.

ಲಾಂಡ್ರಿಯಲ್ಲಿ ನಾನು ಧೈರ್ಯವಾಗಿರುತ್ತೇನೆ. ಮೂವತ್ತು ಹೆಂಗಸರು, ಎಲ್ಲರಿಗೂ ಒಂದೇ ನೀಲಿ ಗೌನು, ಟೊಪ್ಪಿ, ಮುಖಗವಸು, ಕೈಗವಸು. ಹಬೆಯಲ್ಲಿ ನಮಗೆ ನಾವೇ ಗುರುತು ಸಿಗುವುದಿಲ್ಲ. ಹರಿದ ಹೊದಿಕೆ ಹೊಲಿಯುವುದು ನನ್ನ ಕೆಲಸ, ಅದು ಮುಗಿದರೆ ಮಡಿಸುವವರ ಜೊತೆ ಸೇರುತ್ತೇನೆ. ಗೋಡೆಯ ಮೇಲಿನ ರೇಡಿಯೋ ಕೆಟ್ಟು ಒಂದು ವರ್ಷವಾಯಿತು. ಎಲ್ಲರೂ ಗೊಣಗುತ್ತಾರೆ. ನಾನು ಮಾತ್ರ ಅದು ಕೆಟ್ಟೇ ಇರಲಿ ಅಂದುಕೊಳ್ಳುತ್ತೇನೆ. ರೇಡಿಯೋ ಇದ್ದಲ್ಲಿ ರಿಪೇರಿಯವನು ಬರುತ್ತಾನೆ.

ಬಾಯಿ ಅಲ್ಲಾಡುತ್ತಿತ್ತು ಅಂದೆಯಲ್ಲ, ತುಟಿ ಒಣಗಿತ್ತು, ಸವರಿಕೊಂಡಿರಬೇಕು.

ತೆಗೆದ ಮೇಲೆ ಒಂದೇ ಸಾಲು ಬರೆದರೂ ಸಾಕು.

ಅಮ್ಮ


ಮಾರ್ಚ್ 2

ಅಮ್ಮಾ,

ತೆಗೆದೆ.

ಒಂದೇ ಸಾಲು ಸಾಕು ಅಂದೆ, ಆದರೆ ನನಗೆ ಸಾಲದು. ಮೇಷ್ಟ್ರಿಗೆ ನಿಜ ಹೇಳಿಬಿಟ್ಟೆ. ಬೇರೆ ದಾರಿ ಇರಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋಗಿದ್ದಾಗ ಹೇಳಿದೆ: ಆ ಹೆಂಗಸು ನನ್ನ ಅಮ್ಮ, ಅವಳು ತಪ್ಪಿಸಿಕೊಂಡು ಬಂದ ಆ ಮನುಷ್ಯ ಇನ್ನೂ ಹುಡುಕುತ್ತಿದ್ದಾನೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಎಲ್ಲರೂ ವಾಪಸು ಬಂದ ಮೇಲೆ ಜೋರಾಗಿ, "ಈ ಶಾಟ್ ಚೆನ್ನಾಗಿಲ್ಲ, ಫೋಕಸ್ ಹೋಗಿದೆ, ಎಸೀರಿ," ಅಂದರು. ಮಿಂಚು ಕೇಳಿದರೆ ಏನು ಹೇಳುತ್ತೀರಿ ಅಂತ ಆಮೇಲೆ ಕೇಳಿದೆ. "ನಲವತ್ತು ವರ್ಷದಲ್ಲಿ ಇದೇ ಮೊದಲ ಸುಳ್ಳು ಕಣಮ್ಮ. ಇದನ್ನೂ ನಂಬದೇ ಇದ್ರೆ ನಾನು ಇಷ್ಟು ವರ್ಷ ನಿಜ ಹೇಳಿದ್ದು ದಂಡ," ಅಂದರು.

ನಿನ್ನ ಹನ್ನೊಂದು ಸೆಕೆಂಡಿನ ಜಾಗದಲ್ಲಿ ಮಿಂಚು ಮುಖ ಹಾಕಿದ್ದೇವೆ. ಅದೂ ಚೆನ್ನಾಗಿದೆ. ಆಕೆ ಹಾಡುತ್ತಿಲ್ಲ, ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗೆ ತಲೆ ಸ್ವಲ್ಪ ವಾಲಿಸಿದ್ದಾಳೆ. ಏನನ್ನು ಅಂತ ನಮಗೂ ಗೊತ್ತಿಲ್ಲ. ಗಿಟಾರು ಇರಬೇಕು ಅಂದರು ಮೇಷ್ಟ್ರು. ಉಳಿದ ಶಾಟುಗಳಲ್ಲಿ ನಿನ್ನ ಭುಜ, ತಲೆಗೂದಲು ಸಹ ಇಲ್ಲ, ಒಂದೊಂದನ್ನೂ ಮೂರು ಸಲ ನೋಡಿದ್ದೇನೆ. ಕೊನೆಯಲ್ಲಿ ಬರುವ ಪಟ್ಟಿಯಿಂದ ನನ್ನ ಹೆಸರನ್ನೂ ತೆಗೆಸಿದೆ. ಇದು ನನ್ನ ಮೊದಲ ದೊಡ್ಡ ಚಿತ್ರ, ಅದಕ್ಕೇ ಸ್ವಲ್ಪ ಅಳು ಬಂತು, ಆದರೆ ಬಂದು ಹೋಯಿತು.

ಇನ್ನು ನಿದ್ದೆ ಮಾಡು.

ನಿನ್ನ ಸೂಜಿ


ಮಾರ್ಚ್ 13

ನನ್ನ ಬಂಗಾರ,

ಪತ್ರವನ್ನು ಬೇಕರಿಯಲ್ಲೇ ನಿಂತು ಓದಿದೆ. ಅಕ್ಕ ನನ್ನ ಮುಖ ನೋಡಿ, "ಏನ್ರೀ, ಮಗಳಿಗೆ ಗಂಡು ಸಿಕ್ತಾ?" ಅಂತ ಕೇಳಿದರು. ಅದಕ್ಕಿಂತ ಒಳ್ಳೆಯ ಸುದ್ದಿ ಅಂದೆ. ಸಣ್ಣದೊಂದು ಕೇಕು ಕೊಂಡು ಲಾಂಡ್ರಿಗೆ ಒಯ್ದೆ. ಮೂವತ್ತು ಜನಕ್ಕೆ ತಲಾ ಒಂದು ಚೂರೂ ಬರಲಿಲ್ಲ. ಯಾವ ಸಂತೋಷಕ್ಕೆ ಅಂತ ಯಾರಿಗೂ ಹೇಳಲಿಲ್ಲ.

ಹೆಸರು ತೆಗೆಸಿದ್ದು ಓದಿ ಎದೆ ಚುರ್ ಅಂದಿತು. ನನ್ನ ದೆಸೆಯಿಂದ ನಿನಗೆ ಎಷ್ಟು ಸಲ ಹೆಸರು ಹೋಯಿತು. ನಿಮ್ಮ ಮೇಷ್ಟ್ರಿಗೆ ಒಂದು ಜೋಡಿ ಕರವಸ್ತ್ರ ಹೊಲಿದು ಕಳಿಸಿದ್ದೇನೆ, ಕನ್ನಡಕ ಒರೆಸಲಿ.

ಮೂರು ದಿನದಿಂದ ನಿದ್ದೆ ಬರುತ್ತಿದೆ.

ಅಮ್ಮ


ಏಪ್ರಿಲ್ 19

ಅಮ್ಮಾ,

ಇವತ್ತು ಚಿತ್ರವನ್ನು ಮೊದಲ ಸಲ ಶಬ್ದದ ಜೊತೆ ನೋಡಿದೆ. ಕೆಲಸ ಮಾಡಿದವರಿಗೆಲ್ಲ ತೋರಿಸಿದರು. ನಾಳೆ ಬಿಡುಗಡೆ.

ಆ ಹಾಡು ಬಂತು. "ಎಲ್ಲ ಬಾಗಿಲು ಹಾಕಿ ಬಂದೆ," ಅಂತ ಹಾಡಿ ಮಿಂಚು ನಿಲ್ಲಿಸಿದಳು. ನಾನು ಕತ್ತರಿಸಿ ಅಂಟಿಸಿದ ಆ ಮುಖ ಪರದೆಯ ತುಂಬ ಬಂತು, ತಲೆ ವಾಲಿಸಿ ಕೇಳಿಸಿಕೊಳ್ಳುತ್ತಿರುವ ಮುಖ. ಆಗ ಕತ್ತಲಿನಿಂದ ಯಾವುದೋ ಹೆಂಗಸು ಹಾಡಿದಳು. "ಒಂದು ಕಿಟಕಿ." ಅಲ್ಲಿ ನಿಂತಳು. ಗಿಟಾರಿಲ್ಲ, ಏನಿಲ್ಲ. ಆಮೇಲೆ ಮೆಲ್ಲಗೆ, "ಮರೆತೆ." ಪಕ್ಕದಲ್ಲಿ ಕೂತಿದ್ದವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಯಾರಪ್ಪಾ ಇವಳು, ಎಷ್ಟು ಚೆನ್ನಾಗಿ ಹಾಡಿದಳು ಅಂದುಕೊಂಡೆ.

ಆಮೇಲೆ ಅವಳು ಕೆಮ್ಮಿದಳು. ಸಣ್ಣದಾಗಿ, ಒಂದೇ ಸಲ.

ಅಮ್ಮಾ, ನೀನು ಹಾಡುತ್ತೀಯ ಅಂತ ನನಗೆ ಇಪ್ಪತ್ತಾರು ವರ್ಷದಲ್ಲಿ ಗೊತ್ತೇ ಇರಲಿಲ್ಲ. ನಿನ್ನ ಧ್ವನಿಯನ್ನು ನಾನು ಗುರುತಿಸಿದ್ದು ಕೆಮ್ಮಿನಿಂದ. ಆ ಮನುಷ್ಯ ಗುರುತಿಸಿದ ಹಾಗೆಯೇ.

ಮಹಡಿ ಹತ್ತಿ ಓಡಿದೆ. ಶಬ್ದದವರು ತಲೆಯಾಡಿಸಿದರು. "ಅದು ಮಿಂಚು ಅವ್ರ ಮೈಕಲ್ಲೇ ಬಿದ್ದಿದೆ. ಅದನ್ನ ತೆಗೆದ್ರೆ ಅವ್ರ ಉಸಿರೂ ಹೋಗುತ್ತೆ. ನಾವೇ ಸದ್ದು ಸ್ವಲ್ಪ ಎತ್ತಿ ಇಟ್ಟಿದೀವಿ, ಎಷ್ಟು ಚೆನ್ನಾಗಿದೆ ನೋಡಿ." ಅಲ್ಲದೆ ನಾನೂರು ಚಿತ್ರಮಂದಿರಗಳಿಗೆ ಪ್ರತಿಗಳು ಬೆಳಿಗ್ಗೆಯೇ ಹೋಗಿದ್ದವು. ಮೇಷ್ಟ್ರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಡ್ರಾಯರಿನಿಂದ ವೈರು ತೆಗೆದು ಕೈಯಲ್ಲಿ ಹಿಡಿದುಕೊಂಡೇ ಇದ್ದರು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ನನ್ನ ಕೆಲಸ. ಭುಜ, ಕೂದಲು ಅಂತ ಎರಡು ತಿಂಗಳು ಹುಡುಕಿದೆ. ಆ ಮನುಷ್ಯ ಯಾವಾಗ ಕಣ್ಣನ್ನು ನಂಬಿದ್ದ? ಅವನದೆಲ್ಲ ಕಿವಿ.

ನಿನ್ನ ಮೇಲೆ ನನಗೆ ಸಿಟ್ಟಿದೆ. ತುಟಿ ಒಣಗಿತ್ತು ಅಂತ ಯಾಕೆ ಬರೆದೆ? ಹಾಡಿದೆ ಅಂತ ಒಂದು ಮಾತು ಹೇಳಿದ್ದರೆ ಮಹಡಿ ಹತ್ತಿ ಹೇಳಿಬರುತ್ತಿದ್ದೆ. ಯಾಕಮ್ಮ?

ಸೂಜಿ


ಏಪ್ರಿಲ್ 25

ಸೂಜಿ,

ನಾಚಿಕೆಯಿಂದ ಹೇಳಲಿಲ್ಲ. ಹೆದರಿಕೆಯಿಂದಲೂ. ಈಗ ಹೇಳಿದರೆ ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಆದರೂ ಹೇಳುತ್ತೇನೆ.

ಮಿಂಚು ನಿಲ್ಲಿಸಿ ನಮ್ಮನ್ನೆಲ್ಲ ನೋಡಿದಳು, ಮುಂದಿನ ಸಾಲು ನೀವು ಹಾಡಿ ಅನ್ನುವ ಹಾಗೆ. ಯಾರೂ ಬಾಯಿ ಬಿಡಲಿಲ್ಲ. ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು. ಒಂದೇ ಸಾಲು. ಹಾಡಿ ಮುಗಿಸಿದ ಮೇಲೆ ನನಗೆ ಗಂಟಲ ಪಸೆ ಆರಿ ಕೆಮ್ಮು ಬಂತು.

ಆ ಸಾಲಿನಲ್ಲಿ ನಿಲ್ಲಿಸಿದೆ ಅಂದೆಯಲ್ಲ, ಮೂಲ ಹಾಡಿನಲ್ಲಿ ಅಲ್ಲಿ ನಿಲುಗಡೆ ಇಲ್ಲ. ಅದು ನನ್ನದು. ನಿಮ್ಮಪ್ಪ ಹೊರಗೆ ಹೋದಾಗ ಅಡುಗೆಮನೆಯಲ್ಲಿ ಮೆಲ್ಲಗೆ ಹಾಡಿಕೊಳ್ಳುತ್ತಿದ್ದೆ. ಕೊನೆಯ ಮಾತಿಗೆ ಮುಂಚೆ ಒಮ್ಮೆ ನಿಲ್ಲಿಸಿ, ಗೇಟಿನ ಹತ್ತಿರ ಸೈಕಲ್ಲಿನ ಸದ್ದು ಬಂತೇ ಅಂತ ಕಿವಿಗೊಡುತ್ತಿದ್ದೆ. ಬರದಿದ್ದರೆ ಸಾಲು ಮುಗಿಸುತ್ತಿದ್ದೆ. ಅದೇ ಅಭ್ಯಾಸವಾಗಿ ಹೋಯಿತು. ಒಂದು ದಿನ ರೇಡಿಯೋ ಕೊಡಲು ಬಂದ ಗಿರಾಕಿ, "ನಿಮ್ಮ ಮನೆಯವ್ರು ಚೆನ್ನಾಗಿ ಹಾಡ್ತಾರಲ್ರೀ," ಅಂದನಂತೆ. ನಿಮ್ಮಪ್ಪ ಅವನಿಗೆ ಟೀ ಕೊಡಿಸಿ ನಗುತ್ತಾ ಕಳಿಸಿದ. ಆಮೇಲೆ ಒಳಗೆ ಬಂದ, ಬೆಸುಗೆ ಹಾಕುವ ಕಾದ ಕಡ್ಡಿ ಕೈಯಲ್ಲೇ ಇತ್ತು. "ಹಾಡು," ಅಂದ. ನಾನು ಹಾಡಿದೆ. ಎಲ್ಲಿ ನಿಲ್ಲಿಸುತ್ತೇನೋ ಅಲ್ಲಿಗೆ ಸರಿಯಾಗಿ ಅದನ್ನು ನನ್ನ ಮಣಿಕಟ್ಟಿಗೆ ಇಟ್ಟ. ಇಸ್ತ್ರಿ ಪೆಟ್ಟಿಗೆ ತಗುಲಿತು ಅಂತ ನಿನಗೆ ಹೇಳಿದ್ದೆ. ಆಗ ನಿನಗೆ ಹನ್ನೊಂದು.

ಆದ್ದರಿಂದ ಬರೀ ಧ್ವನಿ ಅಲ್ಲ, ಆ ನಿಲುಗಡೆಯೂ ಅವನಿಗೆ ಗೊತ್ತು. ನಿನಗೆ ಸಿಟ್ಟು ಬಂದಿದ್ದು ನ್ಯಾಯವೇ. ನನಗೂ ನನ್ನ ಮೇಲೆ ಬಂದಿದೆ.

ಅಮ್ಮ


ಮೇ 8

ಸೂಜಿ,

ಸಿಟ್ಟು ಇನ್ನೂ ಇಳಿದಿಲ್ಲವೇ? ಹದಿಮೂರು ದಿನವಾಯಿತು, ಪತ್ರವಿಲ್ಲ.

ಇಲ್ಲಿ ವಿಚಿತ್ರ ನಡೆಯುತ್ತಿದೆ. ಲಾಂಡ್ರಿಯವರೆಲ್ಲ ಸಿನಿಮಾ ನೋಡಿ ಬಂದಿದ್ದಾರೆ. ಹೊದಿಕೆ ಮಡಿಸುವಾಗ ಅದೇ ಸಾಲು. ಇಬ್ಬರು ನಾಲ್ಕು ಮೂಲೆ ಹಿಡಿದು "ಒಂದು ಕಿಟಕಿ" ಅಂತ ಬಿಗಿಯಾಗಿ ಎಳೆದು ನಿಲ್ಲುತ್ತಾರೆ, ಒಂದು ಉಸಿರು ಕಾಯುತ್ತಾರೆ, "ಮರೆತೆ" ಅಂತ ಒಬ್ಬರ ಹತ್ತಿರ ಒಬ್ಬರು ಬಂದು ಮೂಲೆಗೆ ಮೂಲೆ ಸೇರಿಸುತ್ತಾರೆ. ಹದಿನೈದು ಜೋಡಿ, ಒಟ್ಟಿಗೆ. ಬೇಕರಿ ಅಕ್ಕ ಹಿಟ್ಟು ನಾದುತ್ತಾ ಹಾಡುತ್ತಾರೆ, ಬಸ್ ಕಂಡಕ್ಟರ್ ಸಹ. ಯಾರಿಗೂ ಮೂಲ ಹಾಡು ನೆನಪೇ ಇಲ್ಲ.

"ಆ ಗ್ಯಾಪ್ ಇದೆಯಲ್ಲ, ಅದರಲ್ಲೇ ಇರೋದು ಮಜಾ. ಆಯಮ್ಮ ಎಷ್ಟು ಯೋಚ್ನೆ ಮಾಡಿ ಹಾಡಿದಾಳೆ ನೋಡು," ಅಂತ ನನ್ನ ಜೋಡಿಯವಳು ನನಗೇ ಪಾಠ ಹೇಳಿದಳು. ಹೌದಾ ಅಂದೆ. ನಾನು ಮಾತ್ರ ಹಾಡುವುದಿಲ್ಲ. ಎಲ್ಲರೂ ಹಾಡುವಾಗ ಸುಮ್ಮನೆ ಬಟ್ಟೆ ಹಿಡಿದಿರುತ್ತೇನೆ.

ಆ ಒಂದು ಉಸಿರಿನ ಮೌನದಲ್ಲಿ ನನಗೆ ಈಗಲೂ ಸೈಕಲ್ಲಿನ ಸದ್ದು ಬರುತ್ತದೆ.

ಬೇಕರಿ ಅಕ್ಕ ಮಗಳ ಹೆರಿಗೆಗೆ ಅಂತ ಊರಿಗೆ ಹೊರಡುವವರಿದ್ದಾರೆ. ಬೇಗ ಬರೆ.

ಅಮ್ಮ


ಮೇ 21

ಅಮ್ಮಾ,

ಸಿಟ್ಟಲ್ಲ. ಆ ಮಣಿಕಟ್ಟಿನ ವಿಷಯ ಓದಿದ ಮೇಲೆ ಏನು ಬರೆಯಬೇಕೋ ತಿಳಿಯಲಿಲ್ಲ. ಅದನ್ನೆಲ್ಲ ಎದುರಿಗೆ ಕೂತು ಮಾತಾಡೋಣ. ಈಗ ಇದನ್ನು ಓದಿದ ತಕ್ಷಣ ಚೀಲ ಕಟ್ಟಿ ಹೊರಡು.

ಮಿಂಚು ಅಭಿಮಾನಿಗಳ ಪತ್ರಗಳಿಗೆ ಉತ್ತರ ಬರೆಯಲು ಇಲ್ಲೊಬ್ಬ ಗುಮಾಸ್ತೆ ಇದ್ದಾಳೆ. ಒಳ್ಳೆಯ ಹುಡುಗಿ. ಇವತ್ತು ಟೀ ಕುಡಿಯುವಾಗ, "ಎಷ್ಟು ಮರ್ಯಾದೆಯಿಂದ ಬರೆದಿದಾರೆ ನೋಡಿ," ಅಂತ ಒಂದು ಪತ್ರ ತೋರಿಸಿದಳು. ಅಕ್ಷರ ನೋಡಿದ ಕೂಡಲೇ ಗುರುತು ಸಿಕ್ಕಿತು, ಆ ಮನುಷ್ಯನದೇ. ಕೆಳಗೆ ಹಾಗೇ ನಕಲು ಮಾಡಿದ್ದೇನೆ.

ಅವಳು ಹತ್ತು ದಿನದ ಹಿಂದೆಯೇ ಉತ್ತರ ಕಳಿಸಿದ್ದಾಳೆ. ಬಾಗಿಲ ಪುಸ್ತಕ ತೆಗೆದು, ಹಾಡಿದ್ದು ಮೂವತ್ತೊಂದನೇ ಕುರ್ಚಿ ಅಂತ ಶಬ್ದದವರನ್ನು ಕೇಳಿ ತಿಳಿದುಕೊಂಡು, ಹೆಸರು ಕೊಡುವ ಹಾಗಿಲ್ಲ ಅಂತ ಬಹಳ ಎಚ್ಚರಿಕೆಯಿಂದ ಬರೆದಿದ್ದಾಳೆ: "ಆಕೆ ಒಂದು ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವ ಸಾಮಾನ್ಯ ಹೆಣ್ಣುಮಗಳು ಎಂದಷ್ಟೇ ತಿಳಿಸಬಲ್ಲೆವು." ಅಮ್ಮಾ, ಹೆಸರು ಸುಳ್ಳು ಬರೆದು ಕೆಲಸ ಯಾಕೆ ನಿಜ ಬರೆದೆ? ಊರು ಯಾವುದು ಅಂತ ಬರೆದಿಲ್ಲ, ಅದೊಂದೇ ಸಮಾಧಾನ.

ಬೇಗ ಬಾ.

ಸೂಜಿ


(ನಕಲು)

ಮೇ 3

ಮಾನ್ಯರೇ,

ನಾನು ಮೂವತ್ತು ವರ್ಷಗಳಿಂದ ರೇಡಿಯೋ ರಿಪೇರಿ ಮಾಡುವವನು. ನಿಮ್ಮ ಚಿತ್ರವನ್ನು ಒಂಬತ್ತು ಬಾರಿ ನೋಡಿದೆ. ನಿಜ ಹೇಳಬೇಕೆಂದರೆ ಕಣ್ಣು ಮುಚ್ಚಿ ಕೇಳಿದೆ. ಧ್ವನಿಮುದ್ರಣ ಬಹಳ ಶುದ್ಧವಾಗಿದೆ. ಕೆಲಸಗಾರರಿಗೆ ನನ್ನ ಅಭಿನಂದನೆ ತಿಳಿಸಿರಿ.

ಒಂದು ಹಾಡಿನ ನಡುವೆ ಒಬ್ಬ ಹೆಣ್ಣುಮಗಳು ಒಂದು ಸಾಲು ಹಾಡುತ್ತಾರೆ. ಬಹಳ ದಿನಗಳ ನಂತರ ಅಂಥ ಹಾಡು ಕೇಳಿದೆ. ಆಕೆಯನ್ನು ಕಂಡು ಖುದ್ದಾಗಿ ಮೆಚ್ಚುಗೆ ಹೇಳಬೇಕೆಂಬ ಆಸೆ. ಇನ್ನೊಂದು ವಿಷಯ. ಹಾಡಿದ ಮೇಲೆ ಆಕೆ ಕೆಮ್ಮುತ್ತಾರೆ. ಆ ಕೆಮ್ಮು ಹಳೆಯದು. ಅದಕ್ಕೆ ನನ್ನ ಹತ್ತಿರ ಮದ್ದು ಇದೆ. ಆಕೆ ಎಲ್ಲಿದ್ದಾರೆಂದು ತಿಳಿಸಿದರೆ ನಾನೇ ತಲುಪಿಸುತ್ತೇನೆ. ಅವಸರವಿಲ್ಲ. ನಾನು ತಾಳ್ಮೆಯ ಮನುಷ್ಯ.

ತಮ್ಮ ವಿಶ್ವಾಸಿ,
ಒಬ್ಬ ಕೇಳುಗ


ಜೂನ್ 9

ಸೂಜಿ,

ನಿನ್ನ ಪತ್ರ ಓದಿದ್ದು ಇವತ್ತು ಸಂಜೆ. ಬೇಕರಿಗೆ ಹದಿನೆಂಟು ದಿನ ಬೀಗ ಇತ್ತು, ಪತ್ರ ಬಾಗಿಲ ಸಂದಿಯಲ್ಲಿ ಒಳಗೆ ಬಿದ್ದಿತ್ತು. ಅಷ್ಟರಲ್ಲಿ ಅವನು ಬಂದು ಹೋಗಿದ್ದಾನೆ. ಇವತ್ತು ಬೆಳಿಗ್ಗೆ. ನಾನು ಸಿಕ್ಕಿಲ್ಲ, ಕೈಕಾಲು ನೆಟ್ಟಗಿವೆ.

ಹರಿದ ಹೊದಿಕೆ ಮುಗಿಸಿ ಮಡಿಸುವವರ ಜೊತೆ ಸೇರಿಕೊಂಡಿದ್ದೆ. ಹಬೆ ಯಂತ್ರ ಆಗತಾನೇ ತೆರೆದಿದ್ದರು, ಎದುರಿನವಳ ಟೊಪ್ಪಿ ಮಾತ್ರ ಕಾಣುತ್ತಿತ್ತು. ಬಾಗಿಲಲ್ಲಿ ಮೇಲ್ವಿಚಾರಕಿಯ ಧ್ವನಿ ಕೇಳಿಸಿತು: "ಬನ್ನಿ, ರೇಡಿಯೋ ಇಲ್ಲೇ ಇರೋದು. ನೀವಾಗೇ ಬಂದು ಕೇಳಿದ್ರಲ್ಲ, ಪುಣ್ಯ." ಅದಕ್ಕೆ ಉತ್ತರವಾಗಿ ಒಬ್ಬ ಗಂಡಸು ನಕ್ಕ. ಆ ನಗೆಯನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ಕಿವಿ ಅವನೊಬ್ಬನಿಗೇ ಇರುವುದಲ್ಲ.

ಬಾಗಿಲ ಕಡೆ ಹಬೆ ತೆಳುವಾಗಿತ್ತು, ಹತ್ತು ಹೆಜ್ಜೆ ಆಚೆ ನಿಂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದೆ, ಕನ್ನಡಕ ದಪ್ಪಗಾಗಿದೆ. ಒಳಗೆ ಕಾಲಿಟ್ಟ ಕೂಡಲೇ ಹಬೆಗೆ ಗಾಜು ಮಂಜಾಯಿತು. ತೆಗೆದು ಒರೆಸಿದ, ಮತ್ತೆ ಮಂಜಾಯಿತು. ಕೊನೆಗೆ ಕನ್ನಡಕ ಕೈಯಲ್ಲೇ ಹಿಡಿದು ಕಣ್ಣು ಮುಚ್ಚಿ ನಿಂತ. ನನಗೆ ಅರ್ಥವಾಯಿತು, ಅವನು ರೇಡಿಯೋ ನೋಡಲು ಬಂದಿಲ್ಲ. ಓಡಬೇಕೆನ್ನಿಸಿತು. ಬಾಗಿಲು ಒಂದೇ, ಅದರಲ್ಲಿ ಅವನು ನಿಂತಿದ್ದ.

ಮೇಲ್ವಿಚಾರಕಿಗೆ ಹೇಳಿದ: "ಈ ಅಮ್ಮಂದಿರು ಏನಾದ್ರೂ ಹಾಡ್ತಾರಾ ಕೆಲ್ಸ ಮಾಡ್ತಾ?"

"ಹಾಡದೇ ಇದ್ದಿದ್ದು ಯಾವಾಗ? ಎಲ್ಲಿ, ಶುರು ಮಾಡ್ರೇ," ಅಂದರು ಅವರು, ಬಂದವರ ಮುಂದೆ ದೊಡ್ಡಸ್ತಿಕೆಯಿಂದ.

ಎಲ್ಲರೂ ಶುರು ಮಾಡಿದರು. ನಾನು ಎಂದಿನಂತೆ ಬಾಯಿ ಮುಚ್ಚಿ ಬಟ್ಟೆ ಹಿಡಿದಿದ್ದೆ. ಅವನು ಸಾಲಿನುದ್ದಕ್ಕೂ ನಡೆಯತೊಡಗಿದ, ಒಂದೊಂದು ಜೋಡಿಯ ಹತ್ತಿರ ಒಂದು ಕ್ಷಣ ನಿಂತು, ತಲೆ ವಾಲಿಸಿ. ಕೆಟ್ಟ ಸ್ಪೀಕರು ಹುಡುಕುವಾಗ ಹಾಗೇ ಮಾಡುತ್ತಿದ್ದ. ಹತ್ತು ಸ್ಪೀಕರಿನಲ್ಲಿ ಸದ್ದು ಮಾಡದೆ ಇರುವುದೊಂದನ್ನು ಅವನು ಕಣ್ಣು ಮುಚ್ಚಿ ತೋರಿಸುತ್ತಿದ್ದ. ಮೂವತ್ತು ಜನರಲ್ಲಿ ಸುಮ್ಮನಿರುವವಳು ನಾನೊಬ್ಬಳೇ ಅನ್ನುವುದು ಆಗ ನನ್ನ ತಲೆಗೆ ಹೋಯಿತು.

ಬಾಯಿ ತೆರೆದೆ. ಮುಖಗವಸಿನೊಳಗೆ, ಎಲ್ಲರಷ್ಟೇ ಜೋರಾಗಿ. "ಎಲ್ಲ ಬಾಗಿಲು ಹಾಕಿ ಬಂದೆ." ಅವನು ನನ್ನ ಪಕ್ಕಕ್ಕೆ ಬಂದ. ಬೆಸುಗೆಯ ಆ ಸುಟ್ಟ ವಾಸನೆ ಇನ್ನೂ ಅವನ ಅಂಗಿಯಲ್ಲಿದೆ. "ಒಂದು ಕಿಟಕಿ." ಹದಿನೈದು ಹೊದಿಕೆಗಳು ಬಿಗಿಯಾಗಿ ನಿಂತವು. ಎಲ್ಲರೂ ನಿಲ್ಲಿಸಿದರು, ನಾನೂ ನಿಲ್ಲಿಸಿದೆ. ಕೈಗವಸಿನೊಳಗೆ ಮಣಿಕಟ್ಟು ಉರಿಯಿತು, ಹದಿನೈದು ವರ್ಷದ ಹಿಂದಿನ ಗಾಯ. ಅವನೂ ಉಸಿರು ಹಿಡಿದು ಕಾಯುತ್ತಿದ್ದ. ನಾವಿಬ್ಬರೂ ಆ ಒಂದು ಉಸಿರಿನಲ್ಲಿ ಪಕ್ಕಪಕ್ಕ ನಿಂತಿದ್ದೆವು.

"ಮರೆತೆ," ಅಂದರು ಮೂವತ್ತು ಜನ. ನಾನು ಎರಡು ಹೆಜ್ಜೆ ಮುಂದೆ ಹೋಗಿ ಮೂಲೆಗೆ ಮೂಲೆ ಸೇರಿಸಿದೆ. ಕೆಮ್ಮು ಗಂಟಲವರೆಗೆ ಬಂತು. ಹಲ್ಲು ಕಚ್ಚಿ, ಕಣ್ಣಲ್ಲಿ ನೀರು ಬರುವ ತನಕ ನುಂಗಿದೆ. ಅವನು ಇನ್ನೂ ಅಲ್ಲೇ ಇದ್ದ. ಆಮೇಲೆ ಹೆಜ್ಜೆ ಮುಂದಿನ ಜೋಡಿಯ ಕಡೆ ಹೋಯಿತು.

ಕೊನೆಗೆ ಕೇಳಿದ್ದು ಇಷ್ಟು. "ಇಲ್ಲೂ ಎಲ್ರೂ ಒಂದೇ ಥರ ಹಾಡ್ತಾರಲ್ಲ," ಅಂದ, ದಣಿದವನಂತೆ. "ಇಡೀ ದೇಶಾನೇ ಹೀಗೆ ಹಾಡ್ತಿದೆ ಸ್ವಾಮಿ, ಸಿನಿಮಾ ನೋಡಿಲ್ವಾ ನೀವು?" ಅಂದರು ಮೇಲ್ವಿಚಾರಕಿ. ರಿಪೇರಿಗೆಂದು ಅವನು ಸುತ್ತಿದ ಹದಿನಾಲ್ಕನೇ ಆಸ್ಪತ್ರೆಯಂತೆ ಇದು, ಆಮೇಲೆ ಅವರೇ ಹೇಳಿದರು. ರೇಡಿಯೋ ಸರಿಮಾಡಿ, ಆರು ತಿಂಗಳು ಗ್ಯಾರಂಟಿ, ಕೆಟ್ಟರೆ ನಾನೇ ಬರ್ತೀನಿ ಅಂತ ಹೇಳಿ ಹೋಗಿದ್ದಾನೆ. ಮಧ್ಯಾಹ್ನದಿಂದ ಅದು ಚೆನ್ನಾಗಿ ಹಾಡುತ್ತಿದೆ. ಅದರ ಕಡೆ ನೋಡಲು ನನಗೆ ಧೈರ್ಯವಿಲ್ಲ.

ಕೈ ಸುಟ್ಟ ಮೇಲೆ ಅವನ ಎದುರಿಗೆ ಹಾಡಿದ್ದು ಇದೇ ಮೊದಲು, ಸೂಜಿ. ಸುಮ್ಮನಿದ್ದಿದ್ದರೆ ಸಿಕ್ಕಿಬೀಳುತ್ತಿದ್ದೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡರೆ ಬದುಕುತ್ತೇನೆ ಅಂದುಕೊಂಡಿದ್ದೆ. ಈಗ ಏನು ಅಂದುಕೊಳ್ಳಬೇಕೋ ಗೊತ್ತಾಗುತ್ತಿಲ್ಲ, ಮೊದಲು ಇಲ್ಲಿಂದ ಹೊರಡುತ್ತೇನೆ.

ಚೀಲ ಕಟ್ಟಿದ್ದೇನೆ. ಈ ಪತ್ರ ಮುಂದೆ ಬರುತ್ತದೆ, ನಾನು ಹಿಂದೆ ಗುರುವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ. ಮುಖಕ್ಕೆ ಮುಖಗವಸು ಇರುತ್ತದೆ, ತಲೆಗೆ ಬಟ್ಟೆ ಸುತ್ತಿರುತ್ತೇನೆ, ನಿನಗೆ ಗುರುತು ಸಿಗಲಿಕ್ಕಿಲ್ಲ. ನಿಲ್ದಾಣದಲ್ಲಿ ಹೆಸರು ಹಿಡಿದು ಕೂಗಬೇಡ, ಅಮ್ಮಾ ಅಂತಲೂ ಕೂಗಬೇಡ. ಜನರ ಮಧ್ಯೆ ನಿಂತು ಆ ಸಾಲು ಹಾಡು, ಯಾರೂ ತಿರುಗಿ ನೋಡುವುದಿಲ್ಲ. "ಒಂದು ಕಿಟಕಿ" ಅಂತ ನಿಲ್ಲಿಸು.

ಉಳಿದದ್ದನ್ನು ನಾನು ಹೇಳುತ್ತೇನೆ.

ನಿನ್ನ ಅಮ್ಮ